ಬಿಂಬವಿಲ್ಲದ ಪ್ರತಿಬಿಂಬ

ಪೂರ್ವಕಾಲದ ಕಥೆಯನ್ನು ಹೇಳತಕ್ಕ ಕಾದಂಬರಿಯಲ್ಲಿ ಪಾತ್ರಗಳು ಪೂರ್ವಕಾಲದ ಭಾಷೆಯನ್ನೇ ಆಡತಕ್ಕದ್ದೆಂಬ ಮತವು ವಿದ್ಯಾವಂತರಲ್ಲಿಯೂ ಬಲವಾಗಿ ಬೇರೂರಿದೆ. ಅರಸನು ಬಾಯಿ ತೆರೆದೊಡನೆ "ಎಲೈ" ಎನ್ನದಿದ್ದರೆ ಅವನು ಅರಸನೇ ಅಲ್ಲವೆಂದೂ, ಸೇನಾನಿಯು "ಭಳಿರೇ" ಎನ್ನದೆ ಕತ್ತಿಯನ್ನು ಹಿರಿದರೆ ಆ ಕತ್ತಿಗೆ ಮೊನೆಯೇ ಇಲ್ಲವೆಂದೂ ನಂಬಿರುವ ಗ್ರಂಥಕರ್ತರು ಅನೇಕರು. ಇಂಥ ಗ್ರಂಥಗಳನ್ನು ಜನರು ಸಂತೋಷದಿಂದ ಓದುತ್ತಿರುವುದನ್ನೇ ಅವರು ತಮ್ಮ ಪಕ್ಷಕ್ಕೆ ಪ್ರಮಾಣವಾಗಿ ತೋರಿಸುತ್ತಾರೆ. ಜನರು ಓದುತ್ತಿರುವುದೂ ನಿಜ, ಸಂತೋಷಪಡುತ್ತಿರುವುದೂ ನಿಜ. ಆದರೆ ಅವರು ಯಾವುದನ್ನು ಮೆಚ್ಚಿದ್ದಾರೆ, ಯಾವುದನ್ನು ಸಹಿಸಿಕೊಂಡಿದ್ದಾರೆ ಎಂಬುದನ್ನು ಬೇರ್ಪಡಿಸಿ ನೋಡಿದವರು ವಿರಳ. ಕ್ಷಮಿಸಲ್ಪಟ್ಟದ್ದನ್ನು ಮೆಚ್ಚಲ್ಪಟ್ಟದ್ದೆಂದು ಎಣಿಸಿ ಅದನ್ನೇ ಅನುಕರಿಸಹೊರಡುವ ಅವಿವೇಕವು ಸಾಹಿತ್ಯದಲ್ಲಿ ಹೊಸತಲ್ಲ.

ಸ್ವಭಾಷೆಯ ಗ್ರಂಥವೊಂದನ್ನು ಎತ್ತಿಕೊಂಡರೆ ವಿಚಾರವು ಪಕ್ಷಪಾತದ ಕೆಸರಿನಲ್ಲಿ ಸಿಕ್ಕಿಕೊಳ್ಳುವ ಸಂಭವವುಂಟು. ಆದಕಾರಣ ಕನ್ನಡಿಗರ ರಾಗದ್ವೇಷಗಳಿಗೆ ಎಡೆಯಿಲ್ಲದ ದೂರದೇಶದ ಗ್ರಂಥವೊಂದನ್ನು ಮೊದಲು ಪರೀಕ್ಷಿಸುವುದು ಲೇಸು. ಆಂಗ್ಲ ಕಾದಂಬರಿಕಾರನಾದ ರೈಡರ್ ಹ್ಯಾಗರ್ಡನ (೧೮೫೬–೧೯೨೫) 'ಎರಿಕ್ ಬ್ರೈಟ್‌ಐಸ್' ಎಂಬ ಕಥೆಯು ಇದಕ್ಕೆ ತಕ್ಕದ್ದಾಗಿದೆ. 'ಕಿಂಗ್ ಸಾಲೊಮನ್ಸ್ ಮೈನ್ಸ್' (೧೮೮೫), 'ಷೀ' (೧೮೮೭) ಎಂಬ ಗ್ರಂಥಗಳ ಮೂಲಕ ಅವನ ಹೆಸರು ಇಂಗ್ಲಿಷ್ ಓದುಳ್ಳ ಮನೆಗಳಲ್ಲಿ ಅಪರಿಚಿತವಲ್ಲ. ಅವನು ೧೮೮೮ರಲ್ಲಿ ಐಸ್ಲೆಂಡಿಗೆ ಹೋಗಿ, ಆ ದ್ವೀಪದ ಪ್ರಾಚೀನ ವೀರಕಥೆಗಳು ನಡೆದ ಸ್ಥಳಗಳನ್ನು ಕಣ್ಣಾರೆ ಕಂಡು ಬಂದು ಈ ಕಥೆಯನ್ನು ರಚಿಸಿದನು. ೧೮೯೧ರಲ್ಲಿ ಅದು ಪುಸ್ತಕರೂಪದಲ್ಲಿ ಪ್ರಕಟವಾಯಿತು. ಐಸ್ಲೆಂಡಿನವರು 'ಸಾಗಾ' ಎಂದು ಕರೆಯುವ ಗದ್ಯಕಥೆಗಳೇ ತನ್ನ ಕೃತಿಗೆ ಆಧಾರವೆಂದು ಗ್ರಂಥಕರ್ತನೇ ಪೀಠಿಕೆಯಲ್ಲಿ ಹೇಳಿಕೊಂಡಿದ್ದಾನೆ. ಚರಿತ್ರೆಯೂ ಅದ್ಭುತವೂ ಇದರಲ್ಲಿ ಸಮಪಾಲಾಗಿ ಬೆರೆತಿವೆ.

ಕಥೆ ನಡೆಯುವುದು ಐಸ್ಲೆಂಡಿನಲ್ಲಿ ಕ್ರೈಸ್ತಮತವು ನೆಲೆಗೊಳ್ಳುವುದಕ್ಕೆ ಮೊದಲು, ಅಂದರೆ ಕ್ರಿ. ಶ. ೧೦೦೦ಕ್ಕೆ ಹಿಂದೆ. ಆಸ್ಮಂಡನೆಂಬ ದೇವಾಲಯದ ಪೂಜಾರಿಗೆ ಇಬ್ಬರು ಹೆಣ್ಣುಮಕ್ಕಳು. ಧರ್ಮಪತ್ನಿಯ ಮಗಳು ಗುದ್ರುದಾ. ಗ್ರೋವಾ ಎಂಬ ಮಾಟಗಾತಿಯ ಮಗಳು ಸ್ವಾನ್‌ಹಿಲ್ಡ್. ಇಬ್ಬರೂ ಎರಿಕನೆಂಬ ತರುಣನನ್ನು ಪ್ರೀತಿಸುತ್ತಾರೆ. ಎರಿಕನು ಗುದ್ರುದಾಳನ್ನು ಮಾತ್ರ ಪ್ರೀತಿಸುತ್ತಾನೆ. ಅನರ್ಥಪರಂಪರೆಗೆ ಇಷ್ಟೇ ಬೀಜ. ಚಳಿಗಾಲದ ಹಬ್ಬದ ಔತಣಕ್ಕೆ ಎರಿಕನು ಹೆಬ್ಬಾಗಿಲಿನಿಂದ ಬಾರದೆ ಸುವರ್ಣಜಲಪಾತದ ಬಂಡೆಯನ್ನು ದಾಟಿ ಧಾರೆಯೊಡನೆ ಕೆಳಕ್ಕೆ ಧುಮುಕಿ ಬರುತ್ತಾನೆ. ಓಸ್ಪಕಾರನೆಂಬ ದೈತ್ಯಾಕಾರದ ಪ್ರತಿಸ್ಪರ್ಧಿಯೊಡನೆ ಮಲ್ಲಯುದ್ಧ ಮಾಡಿ 'ವೈಟ್‌ಫೈರ್' ಎಂಬ ಖಡ್ಗವನ್ನು ಗೆಲ್ಲುತ್ತಾನೆ. ಮೋಸ್‌ಫೆಲ್ ಎಂಬ ಬೆಟ್ಟದಲ್ಲಿ ಅಡಗಿ ದಾರಿಹೋಕರನ್ನು ಕಾಡುತ್ತಿದ್ದ ಸ್ಕಲ್ಲಗ್ರಿಮನನ್ನು ಸೋಲಿಸಿ ತನ್ನ ಆಳಾಗಿ ಮಾಡಿಕೊಳ್ಳುತ್ತಾನೆ. ಈ ಒರಟನು ಆಮೇಲೆ ಒಡೆಯನನ್ನು ಒಂದು ಕ್ಷಣವೂ ಅಗಲುವುದಿಲ್ಲ. ಮೂರು ವರ್ಷಗಳ ದೇಶಭ್ರಷ್ಟತೆ, ಸಮುದ್ರದ ಮೇಲೆ ಮಾಟದ ಬಲದಿಂದ ನಡೆದು ಬರುವ ಸ್ವಾನ್‌ಹಿಲ್ಡ್, ತನ್ನ ಕೂದಲನ್ನು ಗುದ್ರುದಾಳಲ್ಲದೆ ಮತ್ತಾರೂ ಕತ್ತರಿಸಕೂಡದೆಂಬ ಎರಿಕನ ಪ್ರತಿಜ್ಞೆ, ಆ ಪ್ರತಿಜ್ಞೆಯನ್ನು ಕಪಟದಿಂದ ಮುರಿಸಿದ ಒಂದು ಹಿಡಿ ಕೂದಲು, ಅದರಿಂದ ಒಡೆದುಹೋದ ನಂಬಿಕೆ: ಇವೆಲ್ಲವೂ ಒಂದರ ಹಿಂದೆ ಒಂದಾಗಿ, ಅಲೆಯ ಮೇಲೆ ಅಲೆಯಂತೆ ಬಂದು ಬಡಿಯುತ್ತವೆ. ಕೊನೆಗೆ ಎರಿಕನಿಗೂ ಗುದ್ರುದಾಳಿಗೂ ವಿವಾಹವಾದ ರಾತ್ರಿ, ಕಾವಲಿಗೆ ನಿಂತ ಸ್ಕಲ್ಲಗ್ರಿಮನು ಕುಡಿದು ನಿದ್ರೆಹೋಗುತ್ತಾನೆ. ಬೆಳಗಾದಾಗ ಗುದ್ರುದಾ ಜೀವಂತಳಾಗಿಲ್ಲ. ಸ್ವಾಮಿಭಕ್ತಿಯಲ್ಲಿ ಹನುಮಂತನಿಗೆ ಸಮನಾದವನಿಂದಲೇ ಸ್ವಾಮಿಯ ಸರ್ವನಾಶವು ಒದಗುವ ಈ ಘಟ್ಟವನ್ನು ಓದಿ ಗಂಟಲು ಕಟ್ಟದವನಿಗೆ ಕಾವ್ಯವೂ ಬೇಡ, ಕಾದಂಬರಿಯೂ ಬೇಡ. ಆಮೇಲೆ ಆ ಇಬ್ಬರೇ ಮೋಸ್‌ಫೆಲ್ ಬೆಟ್ಟದಲ್ಲಿ ಶತ್ರುಸಮೂಹವನ್ನು ಎದುರಿಸಿ ಕಾದಿ ಮಡಿಯುತ್ತಾರೆ.

ಇಂಥ ಕಥೆಯನ್ನು ಓದುತ್ತಿರುವಾಗ ವಾಚಕನಿಗೆ ಹೆಜ್ಜೆಹೆಜ್ಜೆಗೂ ಕಾಲಿಗೆ ಮುಳ್ಳು ಚುಚ್ಚುತ್ತದೆ. ಆ ಮುಳ್ಳೇ ಸಂಭಾಷಣೆ. ಎಲ್ಲರ ಬಾಯಲ್ಲಿಯೂ "ದೌ", "ದೀ". ಎಲ್ಲ ಕ್ರಿಯಾಪದಗಳ ಕೊನೆಯಲ್ಲಿಯೂ ಹಳೆಯ ಕಾಲದ ಬಾಲ. ವಾಕ್ಯವು ನೇರವಾಗಿ ನಡೆಯಬಹುದಾದಲ್ಲಿ ಹಿಂದುಮುಂದಾಗಿ ನಡೆಯುತ್ತದೆ. ಇದಾದರೂ ಹೋಗಲಿ. ಮಾಟಗಾತಿಯೂ ಮದುವಣಗಿತ್ತಿಯೂ ಪ್ರಭುವೂ ಕೂಲಿಯಾಳೂ ಒಂದೇ ಮಗ್ಗದಲ್ಲಿ ನೆಯ್ದ ಮಾತನ್ನು ಆಡುತ್ತಾರಲ್ಲ, ಅದನ್ನು ಸಹಿಸುವುದು ಕಷ್ಟ. ಸ್ಕಲ್ಲಗ್ರಿಮನೊಬ್ಬನಿಗೆ ಒರಟು ಹಾಸ್ಯವಿರುವುದರಿಂದ ಅವನ ಮಾತು ಆಗಾಗ್ಗೆ ಬೇರೆಯಾಗಿ ಕೇಳಿಸುತ್ತದೆ. ಉಳಿದವರ ಮಾತುಗಳ ಕೆಳಗೆ ಹೆಸರು ಹಾಕದಿದ್ದರೆ ಯಾರು ಯಾರೊಡನೆ ಆಡಿದ್ದೆಂದು ಗುರುತಿಸಲಾಗದು. ಕಥಾನಿರೂಪಣೆಯ ಭಾಗವೂ ಇದೇ ಧಾಟಿಯದಾದರೂ ಅಷ್ಟು ಬಾಧಿಸುವುದಿಲ್ಲ. ಏಕೆಂದರೆ ಹೇಳುವವನು ಒಬ್ಬನೇ, ಅವನಿಗೆ ಒಂದೇ ದನಿಯಿರುವುದು ಸಹಜ.

ಇಲ್ಲಿ ಪೂರ್ವಪಕ್ಷಿಯು ಎದ್ದು, ಹತ್ತನೆಯ ಶತಮಾನದವರು ಹತ್ತನೆಯ ಶತಮಾನದವರಂತೆ ಮಾತಾಡಿದರೆ ತಪ್ಪೇನೆಂದು ಕೇಳುತ್ತಾನೆ. ಹಾಗೆ ಮಾತಾಡಿದ್ದರೆ ತಪ್ಪಿರಲಿಲ್ಲ. ಆದರೆ ಅವರು ಆಡುವುದು ಯಾರ ಮಾತು? ಅದು ೧೬೧೧ರಲ್ಲಿ ಇಂಗ್ಲೆಂಡಿನ ಜೇಮ್ಸ್ ಅರಸನ ಆಜ್ಞೆಯಿಂದ ಸಿದ್ಧವಾದ ಬೈಬಲಿನ ಭಾಷಾಂತರದ ಧಾಟಿ. ಆ ಭಾಷಾಂತರವಾದರೋ ೧೫೨೬ರಲ್ಲಿ ಟಿಂಡೇಲನು ಮಾಡಿದ ಭಾಷಾಂತರವನ್ನು ಬಹುಮಟ್ಟಿಗೆ ಅವಲಂಬಿಸಿದ್ದರಿಂದ ಹುಟ್ಟುವಾಗಲೇ ಸ್ವಲ್ಪ ಹಳೆಯದಾಗಿತ್ತು. ಅದರ ಮೇಲೆ ಷೇಕ್ಸ್‌ಪಿಯರನ ನಾಟಕಗಳ ಲೇಪ. ಅದರ ಮೇಲೆ ವಿಲಿಯಂ ಮಾರಿಸನು ಐಸ್ಲೆಂಡಿನ ಪಂಡಿತನಾದ ಎಯ್ರೀಕುರ್ ಮಾಗ್ನುಸ್ಸನ್ನನೊಡನೆ ೧೮೬೯ರಿಂದ ಮುಂದಕ್ಕೆ ಸಾಗಾಗಳನ್ನು ಭಾಷಾಂತರಿಸುವಾಗ ಬಳಕೆಗೆ ತಂದ ಕೃತಕ ಪ್ರಾಚೀನತೆಯ ಮೆರುಗು. ಹೀಗೆ ಥಾರ್ ದೇವತೆಯನ್ನು ಪೂಜಿಸುವ ಪೂಜಾರಿಯೂ, ಮಾಟ ಮಾಡುವ ಹೆಂಗಸೂ, ಕ್ರಿಸ್ತನ ಹೆಸರು ತಮ್ಮ ಊರಿಗೆ ಕಾಲಿಡುವುದಕ್ಕೆ ಮೊದಲೇ, ಕ್ರೈಸ್ತ ದೇವಾಲಯದ ಪಾಠಪೀಠದಿಂದ ಮಾತಾಡುವವರಂತೆ ಮಾತಾಡುತ್ತಾರೆ. ಪ್ರಾಚೀನತೆಯ ಭ್ರಾಂತಿಯನ್ನು ಹುಟ್ಟಿಸುವುದಕ್ಕೆಂದು ತಂದ ಸಾಧನವೇ ಕಾಲವನ್ನು ಆರು ಶತಮಾನ ಮುಂದಕ್ಕೆ ತಳ್ಳಿದೆ!

ಮೂಲವಾದ ಸಾಗಾಗಳ ಮಾತು ಹೇಗಿದೆಯೆಂಬುದನ್ನು ಬಲ್ಲವರಿಗೆ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಹದಿಮೂರನೆಯ ಶತಮಾನದಲ್ಲಿ ಬರೆಯಲ್ಪಟ್ಟವು. ಅವುಗಳ ಗದ್ಯವು ಸರಳ, ವಾಕ್ಯವು ಹ್ರಸ್ವ, ಸಂಭಾಷಣೆಯು ಅದಕ್ಕಿಂತಲೂ ಹ್ರಸ್ವ. 'ನ್ಯಾಲ್ ಸಾಗಾ' ಎಂಬುದರಲ್ಲಿ ಗುನ್ನಾರನೆಂಬ ವೀರನನ್ನು ಕೊಲ್ಲುವುದಕ್ಕೆ ಶತ್ರುಗಳು ಅವನ ಮನೆಯನ್ನು ಮುತ್ತುತ್ತಾರೆ. ಅವನು ಒಳಗಿದ್ದಾನೆಯೇ ನೋಡಿ ಬರಲೆಂದು ಒಬ್ಬನನ್ನು ಮಾಡಿನ ಮೇಲಕ್ಕೆ ಹತ್ತಿಸುತ್ತಾರೆ. ಒಳಗಿನಿಂದ ಬಂದ ತಿವಿತಕ್ಕೆ ಗುರಿಯಾಗಿ ಅವನು ಕೆಳಗುರುಳಿ, ನಡೆದು ಬಂದಾಗ, ಗುನ್ನಾರನು ಮನೆಯಲ್ಲಿರುವನೇ ಎಂದು ಅವರು ಕೇಳಲು, ಅದನ್ನು ನೀವೇ ಹೋಗಿ ತಿಳಿದುಕೊಳ್ಳಿರಿ, ಅವನ ಭರ್ಜಿ ಮನೆಯಲ್ಲಿರುವುದನ್ನು ಮಾತ್ರ ನಾನು ಬಲ್ಲೆನೆಂಬ ಅರ್ಥದ ಎರಡು ಮಾತನ್ನಾಡಿ ಸತ್ತುಬೀಳುತ್ತಾನೆ. ಇದರಲ್ಲಿ ಒಂದು ಉದ್ಗಾರವಿಲ್ಲ, ಒಂದು ಶಪಥವಿಲ್ಲ, ಹಳೆಯ ಬಾಲವೂ ಇಲ್ಲ. ಸಾವಿರ ವರ್ಷಗಳ ಹಿಂದಿನ ಮನುಷ್ಯನು ಎದುರಿಗೆ ನಿಂತು ಸಾಯುವುದನ್ನು ಕಂಡಂತಾಗುತ್ತದೆ. ಇಂದಿನ ಐಸ್ಲೆಂಡಿನವರು ಈ ಸಾಗಾಗಳನ್ನು ಹೆಚ್ಚು ಪ್ರಯಾಸವಿಲ್ಲದೆ ಓದಬಲ್ಲರು. ಅವರ ಕಿವಿಗೆ ಅದು ಅಜ್ಜನ ಮಾತು, ಆದರೂ ಮನೆಯ ಮಾತು. ಹ್ಯಾಗರ್ಡನು ಮೂಲದಿಂದ ಕಥೆಯ ಕಸುವನ್ನೆಲ್ಲ ಹೀರಿಕೊಂಡು, ಮಾತಿನ ಮಿತವ್ಯಯವೊಂದನ್ನು ಮಾತ್ರ ಅಲ್ಲಿಯೇ ಬಿಟ್ಟು ಬಂದನು.

ಒಂದು ಅಂಶದಲ್ಲಿ ಅವನಿಗೆ ನ್ಯಾಯ ಸಲ್ಲಬೇಕು. "ದೌ" ಎಂದರೆ ಕನ್ನಡದ "ನೀನು". ಪ್ರಾಚೀನ ಆಂಗ್ಲರಲ್ಲಿ ಒಬ್ಬನನ್ನು ಸಂಬೋಧಿಸುವಾಗ, ಅವನು ದೊರೆಯಾಗಿರಲಿ ದನಗಾಹಿಯಾಗಿರಲಿ, ಏಕವಚನವೇ ರೂಢಿಯಾಗಿತ್ತು. ಗೌರವದ ಬಹುವಚನವು ಫ್ರೆಂಚರ ಪ್ರಭಾವದಿಂದ ಹದಿಮೂರನೆಯ ಶತಮಾನದಿಂದೀಚೆಗೆ ಹಬ್ಬಿತು. ಉತ್ತರದೇಶದ ಹಳೆಯ ಭಾಷೆಗಳ ಮೂಲಸ್ಥಿತಿಯೂ ಇಂಥದೇ. ಆದುದರಿಂದ ಎರಿಕನು ಎಲ್ಲರನ್ನೂ ನೀನೆಂದು ಕರೆಯುವುದು ತಪ್ಪಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ವಾಚಕನಿಗೆ ಆ ಶಬ್ದವು ನಿತ್ಯವ್ಯವಹಾರದಿಂದ ಮರೆಯಾಗಿ ದೇವರ ಪ್ರಾರ್ಥನೆಯಲ್ಲಿ ಮಾತ್ರ ಉಳಿದಿತ್ತು. ಆತ್ಮೀಯರ ನಡುವಣ, ಕೋಪದ ಬಾಯಿನ, ಹೊಲಗದ್ದೆಯ "ನೀನು" ಗರ್ಭಗುಡಿಯ "ನೀನು" ಆಗಿ ಕೇಳಿಸುತ್ತದೆ. ಶಬ್ದ ಸರಿ, ಧ್ವನಿ ತಪ್ಪು. ಧ್ವನಿಯೇ ಕಾವ್ಯದ ಆತ್ಮವೆಂದು ಬಗೆದ ದೇಶದವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಸಂಸ್ಕೃತ ಪಂಡಿತರಲ್ಲಿಯೂ ಈ ಕೃತಕ ಭಾಷೆಗೆ ವಕೀಲಿ ಮಾಡುವವರುಂಟು. ಅವರ ಕೈಯಲ್ಲಿರುವ ಆಯುಧವು ಮಮ್ಮಟನ ಕಾವ್ಯಪ್ರಕಾಶ. ಅನುಕರಣದಲ್ಲಿ ಯಾವ ಶಬ್ದದೋಷವೂ ದೋಷವಾಗದೆಂದು ಮಮ್ಮಟನು ದೋಷಪ್ರಕರಣದಲ್ಲಿ ವಿಧಿಸಿರುವನಲ್ಲವೇ, ಕಾದಂಬರಿಕಾರನು ಪ್ರಾಚೀನರನ್ನು ಅನುಕರಿಸುತ್ತಿರುವಾಗ ಅಪ್ರಯುಕ್ತವೆಲ್ಲಿ, ಅಪ್ರತೀತವೆಲ್ಲಿ ಎಂದು ಅವರು ಕೇಳುತ್ತಾರೆ. ಈ ವಾದವು ನೋಡುವುದಕ್ಕೆ ಹರಿತವಾಗಿದೆ. ಆದರೆ ಹಿಡಿಯ ಕಡೆಯಿಂದಲೇ ಕೊಯ್ಯುತ್ತದೆ. ಅನುಕರಣವೆಂದರೆ ಒಬ್ಬನು ಆಡಿದ್ದನ್ನು ಆಡಿದಂತೆಯೇ ತೋರಿಸುವುದು. ಅನುಕಾರ್ಯವೊಂದು ಇದ್ದಲ್ಲದೆ ಅನುಕರಣವಿಲ್ಲ. ಹ್ಯಾಗರ್ಡನ ಪಾತ್ರಗಳು ಆಡುವಂತೆ ಐಸ್ಲೆಂಡಿನಲ್ಲಿ ಯಾರೂ ಆಡಲಿಲ್ಲ; ಇಂಗ್ಲೆಂಡಿನಲ್ಲಿಯೂ ಯಾವ ಶತಮಾನದಲ್ಲಿಯೂ ಯಾರೂ ಹಾಗೆ ಆಡಲಿಲ್ಲ. ಬಿಂಬವೇ ಇಲ್ಲದೆ ಕನ್ನಡಿಯಲ್ಲಿ ಕಾಣಿಸಿಕೊಂಡ ಪ್ರತಿಬಿಂಬವಿದು. ಇದಕ್ಕೆ ಮಮ್ಮಟನ ಅಭಯವು ಸಲ್ಲದು.

ಹಾಗಾದರೆ ಸಂಸ್ಕೃತ ನಾಟಕಗಳ ಪ್ರಾಕೃತಗಳೂ ಕೃತಕವೇ ಅಲ್ಲವೇ, ವ್ಯಾಕರಣವನ್ನು ಮುಂದಿಟ್ಟುಕೊಂಡು ಕವಿಗಳು ರಚಿಸಿದವೇ ಅಲ್ಲವೇ ಎಂದು ಇನ್ನೊಂದು ಆಕ್ಷೇಪ. ಹೌದು, ಬಹುಮಟ್ಟಿಗೆ ಕೃತಕವೇ. ಆದರೆ ಭರತನು ಲೋಕಧರ್ಮಿ, ನಾಟ್ಯಧರ್ಮಿ ಎಂದು ವಿಭಾಗ ಮಾಡಿಟ್ಟನು. ರಾಣಿಯು ಶೌರಸೇನಿಯನ್ನಾಡುವುದು ರಂಗದ ಒಪ್ಪಂದ. ಅಗ್ನಿಮಿತ್ರನ ಕಾಲದಲ್ಲಿ ರಾಣಿಯರು ಹೀಗೆಯೇ ಮಾತಾಡಿದರೆಂದು ಕಾಳಿದಾಸನು ಸಾಕ್ಷಿ ಹೇಳುತ್ತಿಲ್ಲ. ಜೊತೆಗೆ ಆ ಒಪ್ಪಂದವು ಪಾತ್ರದಿಂದ ಪಾತ್ರಕ್ಕೆ ಭೇದವನ್ನು ತೋರಿಸುತ್ತದೆ. ಕಾದಂಬರಿಯ ಹುಸಿಹಳಮೆಯು ಇದಕ್ಕೆ ತೀರ ವಿರುದ್ಧವಾಗಿ ಭೇದಗಳನ್ನೆಲ್ಲ ಅಳಿಸಿ, ತಾನೇ ಚರಿತ್ರೆಯೆಂದು ಸಾಕ್ಷಿಕಟ್ಟೆಯನ್ನೇರುತ್ತದೆ.

ಆಂಗ್ಲರಲ್ಲಿಯೇ ತಿಳಿದವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಜೋಸೆಫ್ ಸ್ಟ್ರಟ್ ಎಂಬ ಪ್ರಾಚೀನವಸ್ತುಪಂಡಿತನು ಅಪೂರ್ಣವಾಗಿ ಬಿಟ್ಟುಹೋಗಿದ್ದ 'ಕ್ವೀನ್‌ಹೂ ಹಾಲ್' ಎಂಬ ಕಥೆಯನ್ನು ವಾಲ್ಟರ್ ಸ್ಕಾಟನು ಮುಗಿಸಿ ೧೮೦೮ರಲ್ಲಿ ಪ್ರಕಟವಾಗುವಂತೆ ಮಾಡಿದನು. ಅದು ಜನರಿಗೆ ರುಚಿಸಲಿಲ್ಲ. ಅದರ ಭಾಷೆ ಅತಿಯಾಗಿ ಹಳತಾದದ್ದೇ ಕಾರಣವೆಂದು ಸ್ಕಾಟನು ತೀರ್ಮಾನಿಸಿದನು. ೧೮೧೯ರ ಕೊನೆಯಲ್ಲಿ ಹೊರಬಂದ 'ಐವನ್‌ಹೋ' ಗ್ರಂಥದ ಪೀಠಿಕಾಪತ್ರದಲ್ಲಿ, ಬಳಕೆತಪ್ಪಿದ ಶಬ್ದಗಳನ್ನು ತುರುಕಬಾರದು, ಹಾಗೆಯೇ ತೀರ ಇತ್ತೀಚಿನದೆಂದು ಕೂಗಿ ಹೇಳುವ ಶಬ್ದಗಳನ್ನೂ ತರಬಾರದು ಎಂಬ ಮಧ್ಯಮಮಾರ್ಗವನ್ನು ಸಾರಿದನು. ಸ್ಟೀವನ್‌ಸನ್ನನಂತೂ ತನ್ನ 'ಬ್ಲ್ಯಾಕ್ ಆರೋ' ಎಂಬ ಕಥೆಯನ್ನು ೧೮೮೩ರಲ್ಲಿ ಬರೆಯುತ್ತಿದ್ದಾಗ, "ಟಷ್" ಎಂಬ ಹಳೆಯ ಉದ್ಗಾರದಿಂದ "ಟಷರಿ" ಎಂಬ ಹೊಸ ಶಬ್ದವನ್ನು ಹೊಸೆದು, ತಾನು ಬರೆಯುತ್ತಿರುವುದು ಇದೇ ಎಂದು ಮಿತ್ರನಿಗೆ ನಗುನಗುತ್ತಾ ತಿಳಿಸಿದನು. ಅಂಥವನ ಕಥೆಯನ್ನೂ ಹುಡುಗರು ಆಸೆಯಿಂದ ಓದಿದರು. ಓದಿದ್ದು ಟಷರಿಗಾಗಿ ಅಲ್ಲ.

ಹಾಗಾದರೆ ಎರಿಕನ ಕಥೆಯನ್ನು ಓದಿ ಸಂತೋಷಪಡುವವನು ರಸಿಕನಲ್ಲವೇ? ಮುಳ್ಳನ್ನು ಕಂಡೂ ಹೂವನ್ನು ಮುಡಿಯುವುದು ಅವಿವೇಕವೇ? ವಿಮರ್ಶಕರಲ್ಲಿ ಒಂದು ಜಾತಿಯವರು ಹೀಗೆಂದು ಹೆದರಿಸುತ್ತಾರೆ. ಅವರ ಲೆಕ್ಕದಲ್ಲಿ ಗ್ರಂಥವು ಒಂದೋ ಪೂರ್ತಿ ಒಳ್ಳೆಯದು, ಇಲ್ಲವೇ ಪೂರ್ತಿ ಕೆಟ್ಟದ್ದು. ಕೆರಳಿದವನಿಗೆ ಆನಂದಪಡುವ ಹಕ್ಕಿಲ್ಲ, ಆನಂದಪಟ್ಟವನಿಗೆ ಕೆರಳುವ ಹಕ್ಕಿಲ್ಲ. ಇದು ಕಾವ್ಯವಿಚಾರವಲ್ಲ, ಕಂದಾಯದ ಲೆಕ್ಕ. ಅನೌಚಿತ್ಯವೇ ರಸಭಂಗಕ್ಕೆ ಕಾರಣವೆಂದು ಆನಂದವರ್ಧನನು ಹೇಳಿದ್ದಾನೆ, ಸರಿ. ಆದರೆ ಒಂದು ಕೃತಿಯಲ್ಲಿ ರಸವು ಯಾವುದನ್ನು ಆಶ್ರಯಿಸಿದೆಯೆಂದು ಮೊದಲು ನೋಡಬೇಡವೇ? ಎರಿಕನ ಕಥೆಯಲ್ಲಿ ಅದು ಜಲಪಾತದಲ್ಲಿದೆ, ಕತ್ತಿಯಲ್ಲಿದೆ, ಕತ್ತರಿಸಲ್ಪಟ್ಟ ಕೂದಲಿನಲ್ಲಿದೆ, ಕುಡಿದು ಮಲಗಿದ ಕಾವಲುಗಾರನಲ್ಲಿದೆ. ಮಾತು ಅಲ್ಲಿ ಅಜಾಗಲಸ್ತನದಂತೆ ತೂಗುತ್ತಿದೆ. ಅದರಿಂದ ಹಾಲಿಲ್ಲ, ಆದರೆ ಆಡು ಸತ್ತಿಲ್ಲ.

ಇದನ್ನು ಪರೀಕ್ಷಿಸುವುದಕ್ಕೆ ಸುಲಭವಾದ ಉಪಾಯವಿದೆ. ಗ್ರಂಥವನ್ನು ಸರಳವಾದ ಕನ್ನಡಕ್ಕೆ ತಿರುಗಿಸಿ ನೋಡಬೇಕು. ಷೇಕ್ಸ್‌ಪಿಯರನನ್ನು ಹೀಗೆ ತಿರುಗಿಸಿದರೆ ಅರ್ಧ ಪ್ರಾಣವು ಹೋಗುತ್ತದೆ. ಎರಿಕನ ಕಥೆಯನ್ನು ತಿರುಗಿಸಿದರೆ ಕಿರಿಕಿರಿಯೊಂದು ಹೋಗುತ್ತದೆ, ಕಥೆಯೆಲ್ಲವೂ ಉಳಿಯುತ್ತದೆ. ಭಾಷಾಂತರವೂ ಬೇಡ, ಸಂಜೆ ದೀಪದ ಮುಂದೆ ಮನೆಯವರಿಗೆ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಹೇಳುವವರನ್ನು ಗಮನಿಸಿದರೂ ಸಾಕು. ಕಥೆ ರಭಸವಾಗಿ ಹೋಗುತ್ತಿರುವಾಗ ಅವರ ನಾಲಗೆಯು ತಾನಾಗಿಯೇ "ಎಲೈ"ಗಳನ್ನು ನುಂಗಿ, "ಭಳಿರೇ"ಗಳನ್ನು ಹಾರಿಸಿ, ಡೊಂಕಾದ ವಾಕ್ಯವನ್ನು ನೆಟ್ಟಗೆ ಮಾಡಿಕೊಂಡು ಮುಂದಕ್ಕೆ ಓಡುತ್ತದೆ. ಕೇಳುತ್ತಿರುವ ಹೆಂಗಸರಾಗಲಿ ಮಕ್ಕಳಾಗಲಿ ಏನೋ ಕಳೆದುಹೋಯಿತೆಂದು ದೂರುವುದಿಲ್ಲ.

ಕನ್ನಡದಲ್ಲಿ ಈ ರೋಗವು ಆಂಗ್ಲರಿಗಿಂತ ವಿಷಮವಾಗಿದೆ. ಅವರಿಗೆ ಕಡೆಯ ಪಕ್ಷ ಒಂದು ಬೈಬಲಿನ ಧಾಟಿಯಾದರೂ ಇದ್ದಿತು. ಇಲ್ಲಿ ಕಂಪನಿ ನಾಟಕಗಳ ಗದ್ಯ, ಹರಿಕಥೆಯ ಉಪಮಾನ, ಶಾಲೆಯಲ್ಲಿ ಕಲಿತ ನಾಲ್ಕು ಹಳಗನ್ನಡ ಪದ, ಇವಿಷ್ಟನ್ನೂ ಒಂದೇ ಕಡಾಯಿಗೆ ಹಾಕಿ ತಿರುವುತ್ತಾರೆ. ವಿಜಯನಗರದ ಸೈನಿಕನು "ಪೋಗುತ್ತೇನೆ" ಎನ್ನುತ್ತಾನೆ: ತಲೆ ಹಳಗನ್ನಡ, ಬಾಲ ಹೊಸಗನ್ನಡ. ಕೃಷ್ಣದೇವರಾಯನು ಆಳಿದ್ದು ೧೫೦೯ರಿಂದ ೧೫೨೯ರ ವರೆಗೆ. ಅಷ್ಟು ಹೊತ್ತಿಗೆ ಪದಾದಿಯ ಪಕಾರವು ಬಹುಮಟ್ಟಿಗೆ ಹಕಾರವಾಗಿ ಎಷ್ಟೋ ಕಾಲವಾಗಿತ್ತು. ಕುಮಾರವ್ಯಾಸನನ್ನೂ ಪುರಂದರದಾಸರನ್ನೂ ಬಾಯಿಪಾಠ ಮಾಡಿದ ಮನೆಯ ಮಗುವಿಗೂ ಇದು ಗೊತ್ತು. ಸೈನಿಕನ ಬಾಯಿಗೆ ಪಂಪನ ಕಾಲದ ಪಕಾರವನ್ನು ತುರುಕಿದ ಗ್ರಂಥಕರ್ತನು ಅವನನ್ನು ಪ್ರಾಚೀನನನ್ನಾಗಿ ಮಾಡಲಿಲ್ಲ, ಅವನ ಮುತ್ತಜ್ಜನ ಮುತ್ತಜ್ಜನ ಪಂಚೆಯನ್ನು ಉಡಿಸಿ ನಗೆಗೀಡು ಮಾಡಿದನು. ಚಾಳುಕ್ಯರ ಆಸ್ಥಾನಿಕನು "ತಾವು ದಯಮಾಡಿಸೋಣವಾಗಲಿ" ಎಂದು ಬಗ್ಗಿ ನಿಲ್ಲುವುದೂ ಇಂಥದೇ. ಹಳಗನ್ನಡ ಕಾವ್ಯಗಳಲ್ಲಿ ದೂತನೂ ಕವಿಯೂ ಅರಸನನ್ನು ಏಕವಚನದಿಂದ ಸಂಬೋಧಿಸುವುದು ಅಪರೂಪವಲ್ಲ. ಈ ಗೌರವದ ಬೆಣ್ಣೆಯೆಲ್ಲ ತೀರ ಈಚಿನ ಕಡೆಗೋಲಿನಿಂದ ಬಂದದ್ದು.

ಹಳೆಯ ಭಾಷೆಯನ್ನು ಹೊಸಬನು ಮುಟ್ಟಲೇಬಾರದೆಂದು ಇದರ ಅರ್ಥವಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪನು (೧೮೭೦–೧೯೦೧), ಮುದ್ದಣನೆಂಬ ಹೆಸರಿನವನು, ತನ್ನ ಕೃತಿಗಳನ್ನು ಹಳೆಯ ಕವಿಯ ಕೃತಿಗಳೆಂಬಂತೆ ಮೈಸೂರಿನ ಪ್ರಕಾಶಕರಿಗೆ ಕಳುಹಿಸಿ ಪಂಡಿತರನ್ನು ಬೆರಗುಗೊಳಿಸಿದನಷ್ಟೆ. ಅವನ ರಾಮಾಶ್ವಮೇಧವು ಹಳಗನ್ನಡದ ಗದ್ಯ. ಅದರಲ್ಲಿ ಗಂಡಹೆಂಡಿರ ಸಂಭಾಷಣೆಯೂ ಹಳಗನ್ನಡವೇ. ಆದರೂ ಅದು ಮುಳ್ಳಾಗುವುದಿಲ್ಲ. ಕಥೆಯನ್ನು ಮರೆತವರೂ ಆ ಸಂಭಾಷಣೆಯನ್ನು ನೆನೆಯುತ್ತಾರೆ. ಅದಕ್ಕೆ ಎರಡು ಕಾರಣ ಕಾಣುತ್ತದೆ. ಮೊದಲನೆಯದಾಗಿ ಅವನ ಭಾಷೆಯು ತೇಪೆಯಲ್ಲ, ಒಂದೇ ಅರಿವೆ. ಎರಡನೆಯದು ಇನ್ನೂ ಮುಖ್ಯ: ಬಿಗಿಯಾದ ಸಂಸ್ಕೃತವನ್ನು ತಡೆದು, ಅರ್ಥ ಕೇಳಿ, ಗಂಡನ ಪಾಂಡಿತ್ಯವನ್ನು ಹಾಸ್ಯಮಾಡುವ ಮನೋರಮೆಯನ್ನು ಅವನು ಗ್ರಂಥದೊಳಗೇ ಕೂರಿಸಿಕೊಂಡಿದ್ದಾನೆ. ವಾಚಕನಿಗೆ ಕೆರಳುವ ಅವಕಾಶ ಬರುವುದರೊಳಗೆ ಅವಳೇ ಕೆರಳಿರುತ್ತಾಳೆ. ಚಾರಿತ್ರಿಕ ಕಾದಂಬರಿಕಾರರಲ್ಲಿ ಒಬ್ಬೊಬ್ಬರ ಮನೆಯಲ್ಲಿಯೂ ಒಬ್ಬ ಮನೋರಮೆಯಿದ್ದು, ಹಸ್ತಪ್ರತಿಯು ಅಚ್ಚಿನ ಮನೆಗೆ ಹೋಗುವ ಮೊದಲು ಅವಳ ಮುಂದೆ ಓದಲ್ಪಟ್ಟಿದ್ದರೆ ಎಷ್ಟು "ಭಳಿರೇ"ಗಳು ಉಳಿಯುತ್ತಿದ್ದವೋ!

ಎರಿಕನ ಕಥೆಯನ್ನು ಕನ್ನಡಕ್ಕೆ ತರಬೇಕೆನ್ನುವವರಿಗೆ ದಾರಿ ಸ್ಪಷ್ಟವಾಗಿದೆ. ಎಲ್ಲರೂ ಎಲ್ಲರನ್ನೂ ನೀನೆನ್ನಲಿ. ಕನ್ನಡದಲ್ಲಿ ಆ ಶಬ್ದವು ಇನ್ನೂ ಗರ್ಭಗುಡಿಗೂ ಹಟ್ಟಿಗೂ ಸಮನಾಗಿ ಸಲ್ಲುತ್ತದೆ. ವಾಕ್ಯಗಳು ಚಿಕ್ಕವಾಗಿರಲಿ. ಸ್ವಾನ್‌ಹಿಲ್ಡಳ ಮಾತು ನಯವಾಗಿರಲಿ, ಸ್ಕಲ್ಲಗ್ರಿಮನದು ಒರಟಾಗಿರಲಿ. ಮದುವೆಯ ರಾತ್ರಿ ಕಳೆದು ಬೆಳಗಾದಾಗ, ಏನಾಯಿತೆಂದು ಅರಿತ ಆ ಕಾವಲುಗಾರನಿಗೆ ಮಾತೇ ಬೇಡ.